ಗಾಜೋ, ಹರಳೋ? ಬಿಸಿಲು, ಧೂಳು, ಗಡಸು ನೀರಿನ ಊರಿನಲ್ಲಿ ಲೆನ್ಸಿನ ವಸ್ತು ಆಯುವ ಬಗೆ

ಹೋದ ಮೇ ತಿಂಗಳ ಒಂದು ಮಧ್ಯಾಹ್ನ, ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ಅಕ್ರಿಲಿಕ್ ನಾಮಫಲಕ ಕತ್ತರಿಸಿಕೊಡುವ ಹುಡುಗನೊಬ್ಬ ಕಾಗದದಲ್ಲಿ ಸುತ್ತಿದ ಲೆನ್ಸ್ ಹಿಡಿದು ಮನೆಗೆ ಬಂದ. "ಕಾಕಾ, ಯಂತ್ರದ ಹಳೆಯ ಲೆನ್ಸ್ ಹಳದಿಯಾಗಿತ್ತು. ನೀರಿನಂತೆ ತಿಳಿಯಾಗಿರುವ ಹೊಸದನ್ನು ತರಿಸಿ ಹಾಕಿದೆ. ಈಗ ಹಾಳೆಯ ಮೇಲೆ ಗೀರು ಕೂಡ ಬೀಳುತ್ತಿಲ್ಲ" ಎಂದ. ಕಾಗದ ಬಿಚ್ಚಿ ನೋಡಿದೆ. ಲೆನ್ಸಿನ ಅಂಚು ಚೊಕ್ಕಟವಾಗಿಯೇ ಇತ್ತು. ನಟ್ಟನಡುವೆ ಮಾತ್ರ ಕಾದು ಕರಗಿ, ಮತ್ತೆ ಗಟ್ಟಿಯಾದ ಹುಣ್ಣಿನಂಥ ಕಲೆ.

ಅವನು ತರಿಸಿದ್ದು ಫ್ಯೂಸ್ಡ್ ಸಿಲಿಕಾ, ಅಂದರೆ ಬರೀ ಸಿಲಿಕಾ ಕರಗಿಸಿ ಮಾಡಿದ ಗಾಜು. ಗಾಜುಗಳ ಜಾತಿಯಲ್ಲಿ ಅದಕ್ಕಿಂತ ಶುದ್ಧವಾದದ್ದು ಸಿಗುವುದು ಕಷ್ಟ. ಆದರೆ ಅವನ ಯಂತ್ರದಲ್ಲಿರುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದರ ಕಿರಣದ ತರಂಗದೂರ 10.6 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದಂಶ), ನಮ್ಮ ಕಣ್ಣು ಕಾಣುವ ಹಸಿರು ಬೆಳಕಿನ ಸುಮಾರು 20 ಪಟ್ಟು. ಆ ಕಿರಣಕ್ಕೆ ಸಿಲಿಕಾ ಎಂದರೆ ಶಹಾಬಾದ್ ಫರಸಿಯಷ್ಟೇ ಅಪಾರದರ್ಶಕ. ಕಿರಣ ಒಳಗೆ ಹೊಕ್ಕಿತು, ಆಚೆ ಹೊರಬರಲಿಲ್ಲ, ಅಷ್ಟೂ ಶಾಖವಾಗಿ ಅಲ್ಲಿಯೇ ಉಳಿಯಿತು. ಅವನು ಕಿತ್ತೆಸೆದ "ಹಳದಿಯಾದ" ಲೆನ್ಸ್ ಹುಟ್ಟಿದ್ದೇ ಹಳದಿಯಾಗಿ. ಅದು ಜಿಂಕ್ ಸೆಲೆನೈಡ್, ಅದರ ಬಣ್ಣವೇ ಹಾಗೆ.

ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕಳೆದು ನಿವೃತ್ತನಾದವನು ನಾನು. ಲೆನ್ಸು, ಪಟ್ಟಕ, ಕಿಟಕಿಗಾಜು ಕೊಳ್ಳುವವರು ಸಲಹೆ ಕೇಳಿಕೊಂಡು ಈಗಲೂ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು ಬೆಲೆ, ಆಮೇಲೆ "ತಿಳಿಯಾಗಿದೆಯಾ?" ಎಂದು. ನಾನು ತಿರುಗಿ ಕೇಳುವುದು ಮೂರೇ ಪ್ರಶ್ನೆ: ಯಾವ ಬೆಳಕು ಹಾಯಬೇಕು? ಎಂಥ ಬಿಸಿಲು, ಧೂಳು, ತೇವದಲ್ಲಿ ಅದು ಬಾಳಬೇಕು? ಅದನ್ನು ಒರೆಸುವವರು ಯಾರು? ಮೂರನೆಯದನ್ನು ಕೇಳಿ ಎಲ್ಲರೂ ನಗುತ್ತಾರೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಲೆನ್ಸುಗಳು ಸತ್ತಿರುವುದು ಒರೆಸುವ ಕೈಯಲ್ಲಿಯೇ.

ಒಂದೇ ಸಕ್ಕರೆ, ಮೂರು ರೂಪ

ಅಂಗಡಿಯವರು "ಕ್ರಿಸ್ಟಲ್" ಎಂಬ ಮಾತನ್ನು ಬೇಕಾಬಿಟ್ಟಿ ಬಳಸುವುದರಿಂದ ಇದನ್ನು ಮೊದಲೇ ಬಿಡಿಸಿಡಬೇಕು. ಶರಣಬಸವೇಶ್ವರ ಜಾತ್ರೆಯ ಮಿಠಾಯಿ ಅಂಗಡಿಯನ್ನು ನೆನೆಸಿಕೊಳ್ಳಿ. ಕಲ್ಲುಸಕ್ಕರೆ ಇದೆ, ಅದರೊಳಗೆ ಅಣುಗಳು ಕವಾಯತಿಗೆ ನಿಂತ ಪೊಲೀಸರಂತೆ ಸಾಲುಗಟ್ಟಿವೆ. ಅದು ಹರಳು. ಪಾಕವನ್ನು ಚೆನ್ನಾಗಿ ಕಾಯಿಸಿ ಬೇಗನೆ ಆರಿಸಿದರೆ ಪಾರದರ್ಶಕ ಗೋಲಿ ಪೆಪ್ಪರಮೆಂಟು ಆಗುತ್ತದೆ. ಸಾಲುಗಟ್ಟಲು ಅಣುಗಳಿಗೆ ಸಮಯವೇ ಸಿಗಲಿಲ್ಲ, ನಿಂತಲ್ಲೇ ನಿಂತುಬಿಟ್ಟವು. ಅದು ಗಾಜು. ಇನ್ನು ಅಚ್ಚಿನಲ್ಲಿ ಹೊಯ್ದ ಸಕ್ಕರೆ ಗೊಂಬೆ: ಲಕ್ಷಾಂತರ ಸಣ್ಣ ಹರಳುಗಳು ಅಡ್ಡಾದಿಡ್ಡಿ ಅಂಟಿಕೊಂಡಿವೆ, ಒಂದೊಂದರ ಅಂಚಿನಲ್ಲೂ ಬೆಳಕು ಚದುರುತ್ತದೆ, ಆದ್ದರಿಂದ ಗೊಂಬೆ ಬೆಳ್ಳಗೆ. ವಸ್ತು ಮೂರರಲ್ಲೂ ಒಂದೇ.

ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಈ ಸಕ್ಕರೆ ಗೊಂಬೆಯ ಜಾತಿಯದು. ಅದು ಸುಣ್ಣಕಲ್ಲು, ಅದರ ಬಹುಪಾಲು ಕ್ಯಾಲ್ಸೈಟ್ ಎಂಬ ಖನಿಜದ ಕಣಗಳು. ಅದೇ ಕ್ಯಾಲ್ಸೈಟ್ ದೊಡ್ಡ ಒಂಟಿ ಹರಳಾಗಿ ಬೆಳೆದರೆ ಐಸ್‌ಲ್ಯಾಂಡ್ ಸ್ಪಾರ್. ಅದರ ಕೆಳಗೆ ಅಕ್ಷರ ಇಟ್ಟರೆ ಒಂದು ಅಕ್ಷರ ಎರಡಾಗಿ ಕಾಣುತ್ತದೆ. 1669ರಲ್ಲಿ ಡೆನ್ಮಾರ್ಕಿನ ರಾಸ್ಮಸ್ ಬಾರ್ತೋಲಿನ್ ಇದನ್ನು ವಿವರಿಸಿದ. ಹರಳಿನೊಳಗೆ ಬೆಳಕು ಎರಡು ಕವಲಾಗಿ, ಒಂದು 1.658, ಇನ್ನೊಂದು 1.486 ಎಂಬ ಬೇರೆ ಬೇರೆ ವಕ್ರೀಭವನ ಸೂಚ್ಯಂಕದಲ್ಲಿ ಸಾಗುತ್ತದೆ. ವಸ್ತು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬುದರ ಅಳತೆ ಈ ಸೂಚ್ಯಂಕ. ಇಷ್ಟು ದೊಡ್ಡ ಅಂತರ ಇರುವುದರಿಂದಲೇ 1828ರಲ್ಲಿ ವಿಲಿಯಂ ನಿಕೋಲ್ ಈ ಹರಳನ್ನು ಕತ್ತರಿಸಿ, ಮರಳಿ ಅಂಟಿಸಿ, ಬೆಳಕನ್ನು ಧ್ರುವೀಕರಿಸುವ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಸೋಸಿ ಬಿಡುವ, ಪಟ್ಟಕ ಮಾಡಿದ.

ಗಾಜಿಗೆ ಈ ಇಬ್ಬಂದಿತನ ಇಲ್ಲ. ಎತ್ತ ತಿರುಗಿಸಿದರೂ ಒಂದೇ ಗುಣ. ಸಾಮಾನ್ಯ ಲೆನ್ಸಿಗೆ ಗಾಜೇ ಮೊದಲ ಆಯ್ಕೆಯಾಗಿರುವುದಕ್ಕೆ ಇದೊಂದು ಕಾರಣ. ಅಗ್ಗವಾಗಿ, ದೊಡ್ಡದಾಗಿ, ಬೇಕಾದ ಆಕಾರದಲ್ಲಿ ಎರಕ ಹೊಯ್ಯಬಹುದೆಂಬುದು ಇನ್ನೊಂದು. ಹರಳಿನ ಹತ್ತಿರ ಹೋಗಬೇಕಾದದ್ದು ಗಾಜು ಬಿಡದ ಬೆಳಕು ಬೇಕಾದಾಗ, ಗಾಜಿಗಿಲ್ಲದ ಗಡಸುತನ ಬೇಕಾದಾಗ, ಇಲ್ಲವೇ ಆ ಇಬ್ಬಂದಿತನವೇ ಬೇಕಾದಾಗ. ಅಂದಹಾಗೆ, ಉಡುಗೊರೆ ಅಂಗಡಿಯ "ಕ್ರಿಸ್ಟಲ್" ಲೋಟ ಹರಳಲ್ಲ, ಸೀಸ ಬೆರೆಸಿದ ಗಾಜು. ಹೆಸರು ಮಾತ್ರ ಹರಳಿನದು.

ನೇರಳಾತೀತ: ಮನೆಯ ನೀರಿನ ಯಂತ್ರದಿಂದ ಕಾಲೇಜಿನ ಕುವೆಟ್‌ವರೆಗೆ

ನೀರು ಶುದ್ಧೀಕರಿಸುವ ಯಂತ್ರದಲ್ಲಿ ನೇರಳಾತೀತ ದೀಪ ಇದ್ದರೆ ಅದರ ಸುತ್ತ ಒಂದು ಗಾಜಿನ ಕೊಳವೆ ಇರುತ್ತದೆ. ರಿಪೇರಿಯವರು ಅದನ್ನು ಕ್ವಾರ್ಟ್ಜ್ ಸ್ಲೀವ್ ಎನ್ನುತ್ತಾರೆ. ದೀಪದ ಕ್ರಿಮಿನಾಶಕ ಬೆಳಕು 254 ನ್ಯಾನೋಮೀಟರಿನದು (ಸಾವಿರ ನ್ಯಾನೋಮೀಟರ್ ಸೇರಿದರೆ ಒಂದು ಮೈಕ್ರಾನ್). ಸಾಮಾನ್ಯ ಸೋಡಾ-ಸುಣ್ಣದ ಗಾಜು ಇದನ್ನು ಹಾಯಗೊಡುವುದೇ ಇಲ್ಲ. ಫ್ಯೂಸ್ಡ್ ಕ್ವಾರ್ಟ್ಜ್, ಅಂದರೆ ಫ್ಯೂಸ್ಡ್ ಸಿಲಿಕಾ ಜಾತಿಯದೇ ಗಾಜು, ಸರಾಗವಾಗಿ ಬಿಡುತ್ತದೆ. ಒಡೆದ ಸ್ಲೀವಿನ ಬದಲು ಅಗ್ಗದ ಗಾಜಿನ ಕೊಳವೆ ಕೂರಿಸಿದರೆ ದೀಪ ನೀಲಿಯಾಗಿ ಹೊಳೆಯುತ್ತಲೇ ಇರುತ್ತದೆ, ಮನೆಯವರು ನೆಮ್ಮದಿಯಾಗಿಯೇ ಇರುತ್ತಾರೆ, ಕ್ರಿಮಿಗಳು ಅವರಿಗಿಂತ ನೆಮ್ಮದಿಯಾಗಿ ಇರುತ್ತವೆ. ನೀಲಿ ಹೊಳಪು ಕಣ್ಣಿಗೆ ಕಾಣುವ ಬೆಳಕು; ಕೊಲ್ಲುವ ಬೆಳಕು ಕಾಣುವುದಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ತಕರಾರು ಇದೆ. ಸುಣ್ಣಕಲ್ಲಿನ ನೆಲದ ಕೊಳವೆಬಾವಿ ನೀರು ಗಡಸು. ಸ್ಲೀವಿನ ಮೇಲೆ ಬೆಳ್ಳನೆಯ ಪೊರೆ ಕಟ್ಟುತ್ತದೆ. ಆ ಪೊರೆಯಲ್ಲಿರುವುದು ಮತ್ತೆ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಒಳ್ಳೆಯ ವಸ್ತು ಕೊಂಡರೂ ಬೆಳಕು ಪೊರೆಯಲ್ಲಿಯೇ ಸಾಯುತ್ತದೆ. ದೀಪ ಆರಿಸಿ, ಸ್ಲೀವ್ ಹೊರತೆಗೆದು, ನಿಂಬೆರಸ ಅಥವಾ ವಿನೆಗರ್ ಸವರಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಹುಳಿ ಸುಣ್ಣವನ್ನು ತಿನ್ನುತ್ತದೆ, ಕ್ವಾರ್ಟ್ಜನ್ನು ಮುಟ್ಟುವುದಿಲ್ಲ. ಬೆರಳಿನ ಎಣ್ಣೆ ಗುರುತು ಉಳಿಯದಂತೆ ಒಣಬಟ್ಟೆಯಲ್ಲಿ ಹಿಡಿದು ಮರಳಿ ಕೂರಿಸಿ.

ವಿದ್ಯಾರ್ಥಿಗಳು ಕೇಳುವ ಕುವೆಟ್ ಪ್ರಶ್ನೆಗೂ ಇದೇ ತರ್ಕ. ಕುವೆಟ್ ಎಂದರೆ ದ್ರಾವಣ ತುಂಬಿ, ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ. ಬಣ್ಣದ ದ್ರಾವಣ ಅಳೆಯುವುದಾದರೆ, ಅಂದರೆ ಸುಮಾರು 340 ನ್ಯಾನೋಮೀಟರಿಗಿಂತ ಮೇಲೆ, ಗಾಜಿನ ಅಥವಾ ಬಳಸಿ ಬಿಸಾಡುವ ಪ್ಲಾಸ್ಟಿಕ್ ಕುವೆಟ್ ಸಾಕು. ಡಿಎನ್‌ಎ 260ರಲ್ಲಿ, ಪ್ರೋಟೀನ್ 280ರಲ್ಲಿ ಅಳೆಯುವುದಾದರೆ ಮಾಮೂಲಿ ಗಾಜು, ಪ್ಲಾಸ್ಟಿಕ್ ನಡೆಯುವುದಿಲ್ಲ, ಫ್ಯೂಸ್ಡ್ ಸಿಲಿಕಾ ಕೊಳ್ಳಿ. ಅದು 190ರ ಹತ್ತಿರದವರೆಗೂ ಕೆಲಸ ಮಾಡುತ್ತದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಬೆರೆಸಿ ಇಡಬೇಡಿ. ಬೆರೆತುಹೋಗಿದ್ದರೆ ಖಾಲಿ ಕುವೆಟ್ ಇಟ್ಟು 260ರಲ್ಲಿ ಅಳತೆ ನೋಡಿ. ಗಾಜಿನದಾದರೆ ಹೀರಿಕೆ ಒಂದೇ ಸಲ ಮೇಲೇರಿ ತನ್ನ ಜಾತಿ ತಾನೇ ಹೇಳುತ್ತದೆ. ಸಿಲಿಕಾಕ್ಕಿಂತ ಕೆಳಗೆ, 130 ನ್ಯಾನೋಮೀಟರಿನ ಆಸುಪಾಸಿಗೆ ಇಳಿಯುವವರಿಗೆ ಕ್ಯಾಲ್ಸಿಯಂ ಫ್ಲೋರೈಡ್, ಮೆಗ್ನೀಸಿಯಂ ಫ್ಲೋರೈಡ್ ಹರಳುಗಳಿವೆ. ಆ ಬೆಳಕನ್ನು ಗಾಳಿಯೇ ಹೀರಿಕೊಳ್ಳುವುದರಿಂದ ನಿರ್ವಾತ ಬೇಕಾಗುತ್ತದೆ. ನಮ್ಮ ಊರಿನ ಓದುಗರಲ್ಲಿ ಅಂಥವರು ಹೆಚ್ಚಿರಲಾರರು.

ಕಾಣುವ ಬೆಳಕು: ಕ್ರೌನ್, ಫ್ಲಿಂಟ್ ಮತ್ತು ಪ್ಲಾಸ್ಟಿಕ್

ಕಣ್ಣಿಗೆ ಕಾಣುವ ಬೆಳಕಿಗೆ ಲೆನ್ಸ್ ಬೇಕೆಂದರೆ ನಾನು ಹೇಳುವ ಮೊದಲ ಹೆಸರು ಬಿಕೆ7. ಬೋರೊಸಿಲಿಕೇಟ್ ಕ್ರೌನ್ ಗಾಜು, ಸೂಚ್ಯಂಕ 1.517. ಸುಮಾರು 350 ನ್ಯಾನೋಮೀಟರಿನಿಂದ 2 ಮೈಕ್ರಾನ್‌ವರೆಗೆ ಪಾರದರ್ಶಕ, ಗಟ್ಟಿ, ನೀರಿಗೆ ಜಗ್ಗುವುದಿಲ್ಲ, ಬೆಲೆ ಕೈಗೆಟಕುವಂಥದು. ಇದು ಬೇಡ ಎನ್ನಲು ಕಾರಣ ಇದ್ದರೆ ಮಾತ್ರ ಬೇರೆಯದನ್ನು ಹುಡುಕಿ.

ಅಂಥ ಒಂದು ಕಾರಣ ಬಣ್ಣ ಬಿಡಿಸುವುದು. ಗಾಜು ಬಣ್ಣಗಳನ್ನು ಎಷ್ಟು ಚದುರಿಸುತ್ತದೆ ಎಂಬುದಕ್ಕೆ ಅಬೆ ಸಂಖ್ಯೆ ಎಂಬ ಅಳತೆ ಇದೆ. ಜರ್ಮನಿಯ ಯೇನಾದಲ್ಲಿ ಆಟೋ ಶಾಟ್ ಜೊತೆ ಸೇರಿ 1884ರಲ್ಲಿ ಗಾಜಿನ ಕಾರ್ಖಾನೆ ಕಟ್ಟಿದ ಅರ್ನ್‌ಸ್ಟ್ ಅಬೆಯ ಹೆಸರು ಅದು. ಸಂಖ್ಯೆ ದೊಡ್ಡದಾದಷ್ಟೂ ಬಣ್ಣ ಚದುರುವುದು ಕಡಿಮೆ. ಕಡಿಮೆ ಚದುರಿಸುವ ಗಾಜಿಗೆ ಕ್ರೌನ್ ಎಂದೂ ಹೆಚ್ಚು ಚದುರಿಸುವುದಕ್ಕೆ ಫ್ಲಿಂಟ್ ಎಂದೂ ಹೆಸರು. ಬಿಕೆ7ಕ್ಕೆ 64; ದಟ್ಟ ಫ್ಲಿಂಟ್ ಆದ ಎಸ್‌ಎಫ್11ಕ್ಕೆ 26ರ ಹತ್ತಿರ, ಸೂಚ್ಯಂಕ 1.785. ಕಾಲೇಜಿನ ಸ್ಪೆಕ್ಟ್ರೋಮೀಟರಿಗೆ 60 ಡಿಗ್ರಿಯ ಪಟ್ಟಕ ಕೊಳ್ಳುವಾಗ ಈ ಅಂತರ ಮೇಜಿನ ಮೇಲೆಯೇ ಕಾಣುತ್ತದೆ. ಕನಿಷ್ಠ ವಿಚಲನೆ, ಅಂದರೆ ಪಟ್ಟಕ ಬೆಳಕನ್ನು ತಿರುಗಿಸುವ ಅತಿ ಕಡಿಮೆ ಕೋನ, ಬಿಕೆ7ರಲ್ಲಿ 38.6 ಡಿಗ್ರಿ, ಎಸ್‌ಎಫ್11ರಲ್ಲಿ 66.4. ಕೆಂಪು ಮತ್ತು ನೀಲಿಗೆ ಗಾಜು ತೋರುವ ಸೂಚ್ಯಂಕದ ವ್ಯತ್ಯಾಸ ಫ್ಲಿಂಟ್‌ನಲ್ಲಿ ಹತ್ತಿರ ಹತ್ತಿರ ನಾಲ್ಕು ಪಟ್ಟು. ಮರ್ಕ್ಯುರಿ ದೀಪದ ಗೆರೆಗಳನ್ನು ಬಿಡಿಬಿಡಿಯಾಗಿ ತೋರಿಸಬೇಕೆಂದರೆ ಫ್ಲಿಂಟ್ ಕೊಳ್ಳಿ. ಬರೀ ವಿಚಲನೆ ಅಳೆಯುವ ಪಾಠಕ್ಕೆ ಕ್ರೌನ್ ಸಾಕು; ಮಕ್ಕಳ ಕೈಯಲ್ಲಿ ಫ್ಲಿಂಟ್ ಬೇಗ ಗೀರುತ್ತದೆ.

ಲೆನ್ಸಿಗೆ ಬಂದರೆ ಇದೇ ಗುಣ ಶಾಪ. ಒಂಟಿ ಲೆನ್ಸಿನ ದೂರದರ್ಶಕದಲ್ಲಿ ಚಂದ್ರನ ಅಂಚಿಗೆ ನೇರಳೆ ಜರಿ ಹಚ್ಚಿದಂತೆ ಕಾಣುವುದು ಇದರಿಂದಲೇ. ಕ್ರೌನ್ ಉಬ್ಬು ಲೆನ್ಸಿಗೆ ಫ್ಲಿಂಟ್ ತಗ್ಗು ಲೆನ್ಸ್ ಜೋಡಿಸಿದರೆ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಈ ಜೋಡಿ ಲೆನ್ಸನ್ನು 1733ರ ಹೊತ್ತಿಗೆ ಚೆಸ್ಟರ್ ಮೂರ್ ಹಾಲ್ ಎಂಬ ಇಂಗ್ಲಿಷ್ ವಕೀಲ ರೂಪಿಸಿದ್ದ. 1758ರಲ್ಲಿ ಪೇಟೆಂಟ್ ಪಡೆದದ್ದು ಜಾನ್ ಡಾಲಂಡ್. ಉಳಿದ ಅಲ್ಪಸ್ವಲ್ಪ ನೇರಳೆಯನ್ನೂ ಅಳಿಸಲು ಕ್ಯಾಲ್ಸಿಯಂ ಫ್ಲೋರೈಡ್ ಹರಳು, ಅಂದರೆ ಫ್ಲೋರೈಟ್, ಬಳಸುತ್ತಾರೆ. ಅಬೆ ಸಂಖ್ಯೆ 95. ಕೇಳಲು ಚೆನ್ನ. ಆದರೆ ಅದು ಬಿಕೆ7ಕ್ಕಿಂತ ಎರಡೂವರೆ ಪಟ್ಟು ಹಿಗ್ಗುತ್ತದೆ, ಮೆತ್ತಗಿದೆ, ಒಮ್ಮೆಲೇ ಬಿಸಿ ತಣ್ಣಗಾದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬೇಯಿಸಿ ಹವಾನಿಯಂತ್ರಿತ ಕೋಣೆಗೆ ಒಯ್ಯುವ ನಮಗೆ ಇದು ಬೇಡ. ಅಬೆ ಸಂಖ್ಯೆ 81ರಿಂದ 95ರವರೆಗಿನ "ಇಡಿ" (ED) ಗಾಜುಗಳು, ಅಂದರೆ ಬಣ್ಣವನ್ನು ಬಹಳ ಕಡಿಮೆ ಚದುರಿಸುವ ಗಾಜುಗಳು, ಸಿಗುತ್ತವೆ. ಅವು ಗಾಜೇ, ಹರಳಲ್ಲ. ಅವೂ ಮೆತ್ತಗೆ, ಹಿಗ್ಗುವುದೂ ಸಾಕಷ್ಟಿದೆ, ಆದರೂ ಫ್ಲೋರೈಟಿನಷ್ಟು ಮುನಿಸಿಲ್ಲ. ಫೋಟೊ ಹುಚ್ಚಿನ ಗೆಳೆಯರಿಗೆ ನಾನು ಹೇಳುವುದು ಇಡಿಯನ್ನೇ.

ಯಾದಗಿರಿ ಜಿಲ್ಲೆಯ ಬೋನಾಳ ಕೆರೆಗೆ ಹಕ್ಕಿ ನೋಡಲು ಹೋಗುವವರು ಬೈನಾಕ್ಯುಲರಿನ ಡಬ್ಬದ ಮೇಲೆ "ಬಿಎಕೆ4" ಎಂದಿರುವುದನ್ನು ನೋಡಿ ಕೇಳುತ್ತಾರೆ. ಅದು ಒಳಗಿನ ಪಟ್ಟಕದ ಗಾಜು. ಪಟ್ಟಕ ಬೆಳಕನ್ನು ಪೂರ್ಣ ಆಂತರಿಕ ಪ್ರತಿಫಲನದಿಂದ ತಿರುಗಿಸುತ್ತದೆ. ಬಿಕೆ7ರಲ್ಲಿ ಅದಕ್ಕೆ ಬೇಕಾದ ಕೋನ 41.2 ಡಿಗ್ರಿಗಿಂತ ಹೆಚ್ಚು, ಬಿಎಕೆ4ರಲ್ಲಿ 39.6 ದಾಟಿದರೆ ಸಾಕು. ಅಷ್ಟರಿಂದಲೇ ಅಂಚಿನ ಕಿರಣಗಳು ಉಳಿಯುತ್ತವೆ. ಬೈನಾಕ್ಯುಲರನ್ನು ಆಕಾಶದ ಕಡೆ ಹಿಡಿದು, ಒಂದು ಮೊಳ ದೂರದಿಂದ ಕಣ್ಣಿನ ಲೆನ್ಸಿನಲ್ಲಿ ಕಾಣುವ ಬೆಳಕಿನ ಬಿಲ್ಲೆಯನ್ನು ನೋಡಿ. ದುಂಡಗಿದ್ದರೆ ಸರಿ, ಅಂಚು ಕತ್ತರಿಸಿ ಚೌಕದಂತೆ ಬೂದುಬಣ್ಣ ಇದ್ದರೆ ಬಿಕೆ7 ಇರಬಹುದು. ಹಗಲು ಹೊತ್ತಿನಲ್ಲಿ ಈ ವ್ಯತ್ಯಾಸ ಹೆಚ್ಚು ಕಾಡುವುದಿಲ್ಲ, ಮುಸ್ಸಂಜೆಯಲ್ಲಿ ಕಾಡುತ್ತದೆ. ಹಕ್ಕಿಗಳು ಕೆರೆಗೆ ಮರಳುವುದು ಮುಸ್ಸಂಜೆಯಲ್ಲಿಯೇ ಆದ್ದರಿಂದ ಬಿಎಕೆ4ಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು.

ಕನ್ನಡಕದ ಬಗ್ಗೆ ಎರಡು ಮಾತು. ಸಿಆರ್-39 ಎಂಬ ಪ್ಲಾಸ್ಟಿಕ್ಕಿನ ಸೂಚ್ಯಂಕ 1.498, ಅಬೆ 58, ತೂಕ ಗಾಜಿನ ಅರ್ಧ. ಪಾಲಿಕಾರ್ಬೊನೇಟ್ 1.586, ಅಬೆ 30. ಪೆಟ್ಟಿಗೆ ಜಗ್ಗುವುದಿಲ್ಲ, ಆದ್ದರಿಂದ ಮಕ್ಕಳಿಗೂ ಬೈಕ್ ಓಡಿಸುವವರಿಗೂ ಅದೇ. ಆದರೆ ಅಂಚಿನಿಂದ ನೋಡಿದರೆ ಬೀದಿ ದೀಪಕ್ಕೆ ಬಣ್ಣದ ಅಂಚು ಕಟ್ಟುತ್ತದೆ. ಪವರ್ ಮೂರರೊಳಗಿದ್ದರೆ ತೆಳ್ಳಗಿನ ದುಬಾರಿ ಲೆನ್ಸಿಗೆ ಹಣ ಸುರಿಯಬೇಡಿ, ತೆಳುವಾಗುವುದು ಕಣ್ಣಿಗೂ ಕಾಣುವುದಿಲ್ಲ. ಗಾಜಿನ ಲೆನ್ಸ್ ಗೀರುವುದು ಕಡಿಮೆ. ಮೂಗು ಒಪ್ಪಿದರೆ ಧೂಳಿನಲ್ಲಿ ಕುಳಿತು ಕೆಲಸ ಮಾಡುವ ಹಿರಿಯರಿಗೆ ಈಗಲೂ ಒಳ್ಳೆಯದೇ. ಪ್ಲಾಸ್ಟಿಕ್ ಕನ್ನಡಕವನ್ನು ಬಿಸಿಲಿಗೆ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ. ಪ್ಲಾಸ್ಟಿಕ್ ಹಿಗ್ಗಿದಷ್ಟು ಅದರ ಮೇಲಿನ ಲೇಪ ಹಿಗ್ಗುವುದಿಲ್ಲ. ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ.

ಕನ್ನಡಿಗೆ ಪಾರದರ್ಶಕತೆ ಏಕೆ?

ದೂರದರ್ಶಕದ ಕನ್ನಡಿ ಕೈಯಾರೆ ತಿಕ್ಕುವ ಹುಡುಗರು ಈಚೆಗೆ ಒಬ್ಬಿಬ್ಬರು ಕಾಣುತ್ತಿದ್ದಾರೆ, ಸಂತೋಷ. ಅವರು ಶುಭ್ರ ಗಾಜು ಹುಡುಕುತ್ತಾರೆ, ಅದು ಸುಮ್ಮನೆ ಖರ್ಚು. ಬೆಳಕು ಮುಂಬದಿಯ ಅಲ್ಯೂಮಿನಿಯಂ ಲೇಪಕ್ಕೆ ತಾಗಿ ಹಿಂದಿರುಗುತ್ತದೆ, ಗಾಜಿನೊಳಗೆ ಹೋಗುವುದೇ ಇಲ್ಲ. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ದೂರದರ್ಶಕದ ಕನ್ನಡಿ ಬಾಟಲಿಯ ಗಾಜಿನಂತೆ ಹಸಿರಾಗಿ, ಗುಳ್ಳೆಗಳಿಂದ ತುಂಬಿತ್ತು. ವಿಶ್ವ ಹಿಗ್ಗುತ್ತಿದೆ ಎಂಬುದನ್ನು ಖಗೋಳ ವಿಜ್ಞಾನಿ ಹಬಲ್ ಕಂಡುಕೊಂಡದ್ದು ಅದರಲ್ಲಿಯೇ. ಇಲ್ಲಿ ಗಾಜಿನ ಕೆಲಸ ಆಕಾರ ಹಿಡಿದು ನಿಲ್ಲುವುದು ಮಾತ್ರ.

ಆಕಾರ ಕೆಡಿಸುವುದು ಬಿಸಿ. ಆರು ಇಂಚಿನ, ಅಂದರೆ 150 ಮಿಲಿಮೀಟರಿನ ಬಿಲ್ಲೆ 20 ಡಿಗ್ರಿ ಬಿಸಿಯಾದರೆ ಸೋಡಾ-ಸುಣ್ಣದ ಗಾಜು ಸುಮಾರು 27 ಮೈಕ್ರಾನ್ ಹಿಗ್ಗುತ್ತದೆ, ಪೈರೆಕ್ಸ್ ಜಾತಿಯ ಬೋರೊಸಿಲಿಕೇಟ್ 10, ಫ್ಯೂಸ್ಡ್ ಸಿಲಿಕಾ 1.6. 1968ರಲ್ಲಿ ರೂಪುಗೊಂಡ ಜೆರೊಡೂರ್ ಎಂಬ ಗಾಜು-ಪಿಂಗಾಣಿ ಮಿಶ್ರರೂಪ ಅದರ ಹತ್ತನೆಯ ಒಂದಂಶವೂ ಅಲ್ಲ. ಅದರೊಳಗಿನ ಸೂಕ್ಷ್ಮ ಹರಳುಗಳು ಬಿಸಿಗೆ ಕುಗ್ಗುತ್ತವೆ, ಸುತ್ತಲಿನ ಗಾಜು ಹಿಗ್ಗುತ್ತದೆ, ಲೆಕ್ಕ ಚುಕ್ತಾ. ಇಡೀ ಬಿಲ್ಲೆ ಒಂದೇ ಸಮ ಹಿಗ್ಗಿದರೆ ತೊಂದರೆ ಅಷ್ಟಿಲ್ಲ. ಅಂಚು ತಣ್ಣಗಾಗಿ ನಡು ಬಿಸಿ ಇದ್ದಾಗ ಕನ್ನಡಿ ಸೊಟ್ಟಗಾಗುತ್ತದೆ, ಮತ್ತು ಕನ್ನಡಿಯಲ್ಲಿ ಸಹಿಸಬಹುದಾದ ತಪ್ಪು ಒಂದು ಮೈಕ್ರಾನಿನ ಸಣ್ಣ ಭಾಗ. ಹಗಲು 42 ಡಿಗ್ರಿ ಕಾಯ್ದ ಮಾಳಿಗೆಯಿಂದ ರಾತ್ರಿಯ ತಂಪಿಗೆ ತಂದ ಕನ್ನಡಿಯ ಸ್ಥಿತಿ ಅದೇ. ನನ್ನ ತೀರ್ಪು ಬೋರೊಸಿಲಿಕೇಟ್. ಸಿಲಿಕಾ ಕೊಳ್ಳುವ ಹಣದಲ್ಲಿ ಹಿಂಬದಿಗೆ ಒಂದು ಸಣ್ಣ ಫ್ಯಾನ್ ಹಾಕಿ, ಒಂದು ಗಂಟೆ ಮೊದಲೇ ಹೊರಗಿಟ್ಟು, ಉಳಿದದ್ದರಲ್ಲಿ ಒಳ್ಳೆಯ ಐಪೀಸ್, ಅಂದರೆ ಕಣ್ಣಿನ ಬದಿಯ ಲೆನ್ಸ್, ಕೊಂಡುಕೊಳ್ಳಿ.

ಅವಕೆಂಪು: ಇಲ್ಲಿಂದ ಗಾಜಿನ ಆಳ್ವಿಕೆ ಮುಗಿಯಿತು

ಸುಮಾರು ಮೂರು ಮೈಕ್ರಾನಿನಾಚೆ ಮಾಮೂಲಿ ಗಾಜು ಗೋಡೆ. ಥರ್ಮಲ್ ಕ್ಯಾಮೆರಾ ಕೊಂಡವರು ಕಿಟಕಿಯ ಗಾಜಿನ ಮೂಲಕ ಆಚೆ ನೋಡಲು ಹೋಗಿ ತಮ್ಮದೇ ಮುಖದ ಬಿಸಿ ಪ್ರತಿಬಿಂಬ ಕಂಡು ಬೆಚ್ಚುವುದುಂಟು. ವಾಡಿ, ಸೇಡಂ, ಮಳಖೇಡದ ಕಡೆಯ ಸಿಮೆಂಟ್ ಕಾರ್ಖಾನೆಗಳ ತಿರುಗುವ ಗೂಡನ್ನು ನೆನೆಸಿಕೊಳ್ಳಿ. ಒಳಗಿನ ಇಟ್ಟಿಗೆ ಕಳಚಿತೆಂದರೆ ಹೊರಗಿನ ಉಕ್ಕು ಅಲ್ಲಿ ಹೆಚ್ಚು ಕಾಯುತ್ತದೆ. ಅದನ್ನು ದೂರದಿಂದ ಅವಕೆಂಪಿನಲ್ಲಿ ನೋಡುತ್ತಾರೆ. 300 ಡಿಗ್ರಿ ಸೆಲ್ಸಿಯಸ್‌ನ ಉಕ್ಕು ಅತಿ ಹೆಚ್ಚು ಬೆಳಗುವುದು 5 ಮೈಕ್ರಾನಿನ ಆಸುಪಾಸಿನಲ್ಲಿ. ಮನುಷ್ಯನ ಮೈ, ಕಾದ ವಿದ್ಯುತ್ ಫ್ಯೂಸು ಮುಂತಾದವು 9 ಮೈಕ್ರಾನಿನ ಸುತ್ತ. ಹೀಗಾಗಿ ವಸ್ತುವಿನ ಆಯ್ಕೆ ನೋಡಬೇಕಾದದ್ದು ಎಷ್ಟು ಬಿಸಿ ಎಂಬುದರ ಮೇಲೆಯೇ ನಿಂತಿದೆ.

ಐದು ಮೈಕ್ರಾನ್ ಒಳಗಾದರೆ ನೀಲಮಣಿ, ಸಿಲಿಕಾನ್, ಕ್ಯಾಲ್ಸಿಯಂ ಫ್ಲೋರೈಡ್ ಮೂರೂ ನಡೆಯುತ್ತವೆ. ಎಂಟರಿಂದ ಹನ್ನೆರಡರ ಪಟ್ಟಿಗೆ ಜರ್ಮೇನಿಯಂ ಹಳೆಯ ಒಡೆಯ. ನೋಡಲು ಉಕ್ಕಿನ ಬಿಲ್ಲೆಯಂತೆ, ಕಣ್ಣಿಗೆ ಪೂರ್ತಿ ಅಪಾರದರ್ಶಕ, ಸೂಚ್ಯಂಕ 4. ಸೂಚ್ಯಂಕ ಹೆಚ್ಚಾದಷ್ಟೂ ಮೇಲ್ಮೈಯಿಂದ ಹಿಂದಿರುಗುವ ಬೆಳಕು ಹೆಚ್ಚು. ಮಾಮೂಲಿ ಗಾಜಿನ ಒಂದು ಮೇಲ್ಮೈ 4 ಶೇಕಡಾ ಕಳೆದರೆ, ಲೇಪವಿಲ್ಲದ ಜರ್ಮೇನಿಯಂ 36 ಶೇಕಡಾ ಕಳೆಯುತ್ತದೆ. ಅಂದಮೇಲೆ ಪ್ರತಿಫಲನ ತಡೆಯುವ ಲೇಪವಿಲ್ಲದ ಜರ್ಮೇನಿಯಂ ಲೆನ್ಸನ್ನು ಅಗ್ಗವೆಂದು ಕೊಳ್ಳುವುದು ತೂತು ಕೊಡ ಕೊಂಡಂತೆ.

ಅದಕ್ಕಿಂತ ದೊಡ್ಡ ಪೇಚು ಬಿಸಿಯದು. ಜರ್ಮೇನಿಯಂ ಅರೆವಾಹಕ; ಕಾದಷ್ಟೂ ತಾನೇ ಅವಕೆಂಪನ್ನು ನುಂಗತೊಡಗುತ್ತದೆ, ನುಂಗಿದಷ್ಟೂ ಮತ್ತಷ್ಟು ಕಾಯುತ್ತದೆ. 100 ಡಿಗ್ರಿ ದಾಟಿದರೆ ಕುರುಡಾಗುತ್ತಾ ಹೋಗುತ್ತದೆ. ಅದರ ಸೂಚ್ಯಂಕ ಬಿಸಿಗೆ ಬದಲಾಗುವ ವೇಗವೂ ಗಾಜಿನ ನೂರು ಪಟ್ಟಿಗಿಂತ ಹೆಚ್ಚು. ಬೆಳಿಗ್ಗೆ ಹೊಂದಿಸಿದ ಫೋಕಸ್ ಮಧ್ಯಾಹ್ನಕ್ಕೆ ಜಾರಿರುತ್ತದೆ. ಗೂಡಿನ ಹತ್ತಿರ ಇಡುವುದಾದರೆ ತಂಪು ಗಾಳಿಯ ಕವಚ ಬೇಕು, ಇಲ್ಲವೇ ಚಾಲ್ಕೊಜಿನೈಡ್ ಗಾಜಿನ ಲೆನ್ಸ್ ಕೇಳಿ. ಅದು ಸೆಲೆನಿಯಂ, ಆರ್ಸೆನಿಕ್ ಮುಂತಾದವು ಬೆರೆತ ಅವಕೆಂಪು ಗಾಜು. ಬಿಸಿಗೆ ಅಷ್ಟು ಚಂಚಲವಲ್ಲ, ಅಚ್ಚಿನಲ್ಲಿ ಒತ್ತಿ ಮಾಡಬಹುದು. 2023ರ ಆಗಸ್ಟಿನಿಂದ ಚೀನಾ ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಇದರ ಕಡೆ ವಾಲಿದವರು ಬಹಳ. ಕ್ಯಾಮೆರಾವನ್ನು ಧೂಳಿನಿಂದ ಕಾಯಲು ಗಾಜಿನ ಮುಚ್ಚಳ ಹಾಕಬೇಡಿ. ತೆಳ್ಳನೆಯ ಪಾಲಿಥೀನ್ ಹಾಳೆ ಸಾಕು, ಅದು ಈ ಬೆಳಕನ್ನು ಬಹುಮಟ್ಟಿಗೆ ಬಿಡುತ್ತದೆ.

ಇನ್ನು ಉಪ್ಪಿನ ಹರಳುಗಳು. ಅಡುಗೆ ಉಪ್ಪು 15 ಮೈಕ್ರಾನಿನವರೆಗೆ, ಪೊಟ್ಯಾಸಿಯಂ ಬ್ರೋಮೈಡ್ 25ರವರೆಗೆ ಪಾರದರ್ಶಕ. ಅಗ್ಗ ಕೂಡ. ಫಾರ್ಮಸಿ, ರಸಾಯನಶಾಸ್ತ್ರದವರು ಪೊಟ್ಯಾಸಿಯಂ ಬ್ರೋಮೈಡಿನ ಪುಡಿಯಲ್ಲಿ ಮಾದರಿ ಬೆರೆಸಿ ಬಿಲ್ಲೆ ಒತ್ತುವುದು ಇದಕ್ಕೇ. ಆದರೆ ಗಾಳಿಯ ತೇವಾಂಶ 75 ಶೇಕಡಾ ದಾಟಿದರೆ ಅಡುಗೆ ಉಪ್ಪು ನೀರೊಡೆಯುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನೇ ಒಂದು ಆಷಾಢದಲ್ಲಿ ಒಂದು ಜೋಡಿ ಉಪ್ಪಿನ ಕಿಟಕಿಗಳನ್ನು ಡೆಸಿಕೇಟರಿನಿಂದ (ತೇವ ತಾಗದಂತೆ ವಸ್ತು ಇಡುವ ಮುಚ್ಚಿದ ಪಾತ್ರೆ) ಹೊರಗೆ ಮರೆತು ಊಟಕ್ಕೆ ಹೋದೆ, ಅಲ್ಲಿಂದ ಬೇರೆ ಕೆಲಸ. ಮರುದಿನ ಬೆಳಿಗ್ಗೆ ಎರಡೂ ಹಾಲಿನ ಬಣ್ಣಕ್ಕೆ ತಿರುಗಿದ್ದವು. ಮತ್ತೆ ಉಜ್ಜಿ ಹೊಳಪು ತರುವಷ್ಟರಲ್ಲಿ ಒಂದು ತೀರಾ ತೆಳ್ಳಗಾಗಿ ಮುರಿಯಿತು. ದ್ರಾವಣದಲ್ಲಿ ನೀರಿನ ಸುಳಿವಿದ್ದರೆ ಕ್ಯಾಲ್ಸಿಯಂ ಫ್ಲೋರೈಡ್ ಅಥವಾ ಜಿಂಕ್ ಸೆಲೆನೈಡ್ ಕಿಟಕಿ ಕೊಳ್ಳಿ, ಬೆಲೆ ಹೆಚ್ಚಾದರೂ ಸರಿ.

ಗಡಸು ಎಂದರೆ ಗಟ್ಟಿ ಅಲ್ಲ

ತೊಗರಿ ದಾಲ್ ಮಿಲ್ಲಿನವರು ಬಣ್ಣ ನೋಡಿ ಬೇಳೆ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರದ ಕ್ಯಾಮೆರಾ ಮುಂದಿನ ಗಾಜು ಮಂಕಾಗುತ್ತದೆ, ನೀಲಮಣಿಯದು ಹಾಕಿಸಲೇ ಎಂದು ಕೇಳುತ್ತಾರೆ. ಇಲ್ಲಿ ಹೇಳುವ ನೀಲಮಣಿ ಎಂದರೆ ಕಾರ್ಖಾನೆಯಲ್ಲಿ ಬೆಳೆಸಿದ, ಬಣ್ಣವಿಲ್ಲದ ಅಲ್ಯೂಮಿನಿಯಂ ಆಕ್ಸೈಡ್ ಹರಳು. ಕೈಗಡಿಯಾರದ ಮೇಲೂ ಅದೇ. ಗಡಸುತನ ಅಳೆಯುವ ಮೋಸ್ (Mohs) ಮಾಪನದಲ್ಲಿ ಅದು 9. ಮರಳು 7, ಗಾಜು 5.5. ಮರಳಿನ ಕಣ ಗಾಜನ್ನು ಗೀರುತ್ತದೆ, ನೀಲಮಣಿಯನ್ನು ಗೀರಲಾರದು. ಆದರೆ ಬೇಳೆಯ ಧೂಳು ಮರಳಲ್ಲ, ಮೆತ್ತನೆಯದು. ಮಂಕಾದದ್ದು ಗೀರಿನಿಂದಲೋ ಅಂಟಿದ ಹೊಟ್ಟಿನಿಂದಲೋ ಎಂದು ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಹೊಟ್ಟೇ ಆದರೆ ಗಾಳಿ ಊದುವ ವ್ಯವಸ್ಥೆ ಸರಿಪಡಿಸಿ, ಹಣ ಉಳಿಸಿ. ಸಿಮೆಂಟ್ ಅಥವಾ ಕಲ್ಲುಪುಡಿಯ ಧೂಳಾದರೆ ನೀಲಮಣಿಗೆ ಅರ್ಥ ಇದೆ. ಗಡಸಾದ ಮಾತ್ರಕ್ಕೆ ಒಡೆಯದೆ ಇರುವುದಿಲ್ಲ. ತೆಳ್ಳಗಿನ ನೀಲಮಣಿ ಬಿಲ್ಲೆ ಫರಸಿಯ ಮೇಲೆ ಬಿದ್ದರೆ ಚೂರು.

ಧ್ರುವೀಕರಣಕ್ಕೆ ಕ್ಯಾಲ್ಸೈಟ್ ಪಟ್ಟಕವೇ ಬೇಕೆ? ಹೆಚ್ಚಿನ ಪಾಠಗಳಿಗೆ ಪೋಲರಾಯ್ಡ್ ಹಾಳೆ ಸಾಕು. ಬಲವಾದ ಲೇಸರ್ ಇದ್ದರೆ, ಅಥವಾ ತೀರಾ ಶುದ್ಧ ಧ್ರುವೀಕರಣ ಬೇಕಿದ್ದರೆ ಮಾತ್ರ ಕ್ಯಾಲ್ಸೈಟ್. ಅದರ ಗಡಸುತನ 3, ಹುಳಿ ತಾಗಿದರೆ ನೊರೆಯುತ್ತದೆ. ಅದು ಶಹಾಬಾದ್ ಕಲ್ಲಿನ ಅಕ್ಕ ಎಂಬುದನ್ನು ಮರೆಯಬೇಡಿ.

ಕೊಂಡ ವಸ್ತುವನ್ನು ಪರೀಕ್ಷಿಸಲು ನನ್ನದೊಂದು ಅಗ್ಗದ ಉಪಾಯ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ಅದರಿಂದ ಬರುವ ಬೆಳಕು ಆಗಲೇ ಧ್ರುವೀಕರಣಗೊಂಡಿರುತ್ತದೆ. ಪೋಲರಾಯ್ಡ್ ತಂಪು ಕನ್ನಡಕವನ್ನು ಅದರೆದುರು ತಿರುಗಿಸಿ ಪರದೆ ಕಪ್ಪಾಗುವಂತೆ ಹಿಡಿದು, ನಡುವೆ ವಸ್ತುವನ್ನು ಇಡಿ. ಚೆನ್ನಾಗಿ ಹದ ಮಾಡಿದ ಗಾಜು ಕಪ್ಪಾಗಿಯೇ ಉಳಿಯುತ್ತದೆ. ಅಚ್ಚಿನಲ್ಲಿ ಒತ್ತಿದ ಪ್ಲಾಸ್ಟಿಕ್ ಪಟ್ಟಕದಲ್ಲಿ ಕಾಮನಬಿಲ್ಲಿನ ಪಟ್ಟೆಗಳು ಹೊಳೆಯುತ್ತವೆ. ಸ್ಫಟಿಕ ಅಂದರೆ ನೈಜ ಕ್ವಾರ್ಟ್ಜ್ ಹರಳನ್ನು ತಿರುಗಿಸುತ್ತಾ ಹೋದರೆ ಬೆಳಗುತ್ತದೆ. "ಗಾಜಿನ ಪಟ್ಟಕ" ಎಂದು ಬಂದ ಒಂದು ಡಬ್ಬ ಅಕ್ರಿಲಿಕ್ಕನ್ನು ಹೀಗೆಯೇ ಹಿಂದಕ್ಕೆ ಕಳಿಸಿದ್ದೇನೆ. ಬಜಾರಿನ ಸ್ಫಟಿಕ ಮಾಲೆಗೂ ಈ ಪರೀಕ್ಷೆ ಸಲ್ಲುತ್ತದೆ; ಫಲಿತಾಂಶವನ್ನು ಮಾಲೆ ಧರಿಸಿದವರಿಗೆ ಹೇಳಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ನಾಮಫಲಕದ ಹುಡುಗನಿಗೆ ಮತ್ತೆ ಜಿಂಕ್ ಸೆಲೆನೈಡ್ ಲೆನ್ಸನ್ನೇ ತರಿಸಲು ಹೇಳಿದೆ. ಅವನ ಪಕ್ಕದ ಅಂಗಡಿಯಲ್ಲಿ ಉಕ್ಕು ಕತ್ತರಿಸುವ ಫೈಬರ್ ಲೇಸರ್ ಬಂದಿದೆ, ಅದರ ಬೆಳಕು 1.06 ಮೈಕ್ರಾನ್. ಅಲ್ಲಿ ಸರಿಯಾದದ್ದು ಫ್ಯೂಸ್ಡ್ ಸಿಲಿಕಾ; ಇವನು ತರಿಸಿದ ಲೆನ್ಸ್ ಬಹುಶಃ ಅಂಥ ಯಂತ್ರಕ್ಕೆ ಮಾಡಿದ್ದು. ಇಬ್ಬರೂ ಒಂದೇ ರಕ್ಷಣಾ ಕನ್ನಡಕ ಹಂಚಿಕೊಳ್ಳಬೇಡಿ ಎಂದೂ ಎಚ್ಚರಿಸಿದೆ. ಇವನ ಕಿರಣವನ್ನು ಸಾದಾ ಪಾಲಿಕಾರ್ಬೊನೇಟ್ ತಡೆಯುತ್ತದೆ, ಅವನದು ಅದರೊಳಗೆ ಹಾಯ್ದು ಕಣ್ಣಿನ ಹಿಂಪದರಕ್ಕೇ ಹೋಗುತ್ತದೆ. ತಮ್ಮ ಯಂತ್ರದ ತರಂಗದೂರ ಬರೆದಿರುವ ಕನ್ನಡಕವನ್ನೇ ಇಬ್ಬರೂ ಬೇರೆ ಬೇರೆ ಕೊಳ್ಳಬೇಕು.

ವಾರದ ಮೇಲೆ ಅವನ ಫೋನ್ ಬಂತು. ಹಾಳೆ ಬೆಣ್ಣೆಯಂತೆ ಕತ್ತರಿಸುತ್ತಿದೆಯಂತೆ. "ಕಾಕಾ, ಹೊಗೆ ಕೂತು ಲೆನ್ಸ್ ಮಂಕಾಗಿದೆ. ಮನೆಯ ನೀರಿನ ಯಂತ್ರಕ್ಕೆ ಹಚ್ಚಿದಂತೆ ನಿಂಬೆರಸ ಹಚ್ಚಿ ತೊಳೆಯಲೇ?" ಎಂದು ಕೇಳಿದ. ಕುಳಿತಲ್ಲಿಂದ ಎದ್ದು ನಿಂತೆ. ಆಮ್ಲ ತಾಗಿದರೆ ಜಿಂಕ್ ಸೆಲೆನೈಡಿನಿಂದ ಹೈಡ್ರೋಜನ್ ಸೆಲೆನೈಡ್ ಎಂಬ ವಿಷದ ಅನಿಲ ಹೊರಡಬಹುದು. ಹುಳಿ ಬೇಡ, ಅಂಗಿಯ ತುದಿ ಬೇಡ, ಒತ್ತಿ ಉಜ್ಜುವುದು ಬೇಡ. ಲೆನ್ಸ್ ಆರಲಿ, ರಬ್ಬರ್ ಬುರುಡೆಯಿಂದ ಧೂಳು ಊದು, ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿದ ಲೆನ್ಸ್ ಕಾಗದವನ್ನು ಅದರ ತೂಕಕ್ಕೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಳೆ, ಪ್ರತಿ ಸಲ ಹೊಸ ಕಾಗದ, ಆಮೇಲೆ ಕೈ ತೊಳೆದುಕೊ ಎಂದೆ. ಎಲ್ಲವನ್ನೂ ಬರೆದುಕೊಂಡ. ಬರೆದುಕೊಂಡು, "ಅಂಗಡಿಯಲ್ಲಿ ಲೆನ್ಸ್ ಒರೆಸುವವನು ನಾನಲ್ಲ, ತಮ್ಮ. ಅವನಿಗೂ ಒಮ್ಮೆ ನೀವೇ ಹೇಳಿಬಿಡಿ" ಎಂದು ಫೋನನ್ನು ಅವನ ಕೈಗೆ ಕೊಟ್ಟ.